ದೀಪ ಆರಿಸು

ಮಂಜು ಬಿದ್ದ ಬೆಳಗು ಮಾತ್ರ ಕೆಮ್ಮುತ್ತದೆ,
ಬಿಸಿಲಿದ್ದರೆ ಜಾಣಮರಿಯ ಹಾಗೆ ಓಡುತ್ತದೆ
ಎಂದು ಪೆರೂಜ್ ಅಜ್ಜಿ ಮೂರು ವಾರದಿಂದ ಹೇಳಿದ್ದೇ ಹೇಳುತ್ತಿದ್ದಳು.
ಇವತ್ತು ಮಂಜು. ಗ್ಯುಮ್ರಿಯ ಕರಿಕಲ್ಲಿನ ಗೋಡೆಗಳು ಬೆವೆತಿವೆ.
ಅವಳ ರೊಟ್ಟಿ ವ್ಯಾನು ಗ್ಯಾರೇಜಿನೊಳಗೆ ನಿಂತು
ಬಿಕ್ಕುತ್ತಿದೆ, ಅತ್ತು ಮುಗಿಸಿದ ಮಗುವಿನ ಹಾಗೆ.

ಯೆರಾಜ್ ಎಂದು ಅದರ ಹೆಸರು. ನಮ್ಮ ಮಾತಲ್ಲಿ ಕನಸು.
ಕಟ್ಟಿದ ಕಾರ್ಖಾನೆಗೆ ಬರೀ ಮೊದಲಕ್ಷರಗಳ ಗಂಟು.
ಹಿಂಬಾಗಿಲಿಗೆ ಹಗ್ಗ, ಕನ್ನಡಿಗೆ ಅಂಟುಪಟ್ಟಿ,
ಒಳಗೆ ಇನ್ನೂ ಬೆಚ್ಚಗಿರುವ ಎಂಬತ್ತು ಲವಾಶ್.

ಸೀಟುಗಳ ನಡುವೆ ಮಂಡಿಯೂರಿ ಎಂಜಿನ್ನಿನ ಮುಚ್ಚಳ ತೆಗೆದೆ.
ಹ್ರಾಚಿಕ್ ಮೇಸ್ತ್ರಿ ರಬ್ಬರು ಸುತ್ತಿದ ಇಕ್ಕಳ ಕೊಟ್ಟರು.
"ಒಂದೊಂದೇ ತಂತಿ ಕೀಳು. ಕಿತ್ತಾಗ ಸದ್ದು ಕುಸಿದರೆ
ಅದು ದುಡಿಯುವ ತಂತಿ, ಮತ್ತೆ ಸಿಕ್ಕಿಸು.
ಕಿತ್ತರೂ ಏನೂ ಬದಲಾಗದಿದ್ದರೆ
ಅವನೇ ಕಳ್ಳ, ಹಾಜರಿ ಹಾಕಿಸಿ ಮಲಗಿದವನು."

ಒಂದು ಕಿತ್ತೆ. ಎಂಜಿನ್ನು ಕುಂಟಿತು.
"ಬದಲಾಯಿತಾ?"
ಬದಲಾಯಿತು, ಎಂದೆ.
ಎರಡು ಕಿತ್ತೆ. ಸೀಟಿನ ಮೇಲಿದ್ದ ಟೀ ಲೋಟ ನಡುಗಿ ತುಳುಕಿತು.
"ಬದಲಾಯಿತಾ?"
ಬೀದಿಯಾಚೆಯ ನಾಯಿಗೂ ಗೊತ್ತಾಗಿ ಬೊಗಳುತ್ತಿದೆ.
"ಅರ್ಪಿನೆ, ಬದಲಾಯಿತಾ?"

ಆಗ ತಿಳಿಯಿತು.
ಚಳಿಗಾಲದಿಂದ ನಾನು ಎರಡೆರಡು ಸಲ ಕೂಗಬೇಕಾದದ್ದು,
ಫೋನು ಬಡಿದುಕೊಳ್ಳುತ್ತಿದ್ದರೂ ಅವರು
ಅದರ ಪಕ್ಕದಲ್ಲೇ ನೆಮ್ಮದಿಯಾಗಿ ಬೋಲ್ಟು ತೊಳೆಯುತ್ತಿದ್ದದ್ದು,
ಎಂಜಿನ್ನಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಿದ್ದದ್ದು.
ಅದನ್ನು ನಾನು ಅನುಭವ ಅಂದುಕೊಂಡಿದ್ದೆ.

ನಾಲ್ಕರಲ್ಲಿ ಯಾವುದನ್ನು ಕಿತ್ತರೂ
ಈ ಮನುಷ್ಯನಿಗೆ ಸದ್ದು ಬದಲಾಗುವುದಿಲ್ಲ.

ಮೂರು, ಎಂದೆ. ಬೆರಳೂ ಎತ್ತಿದೆ,
ನನ್ನ ಅಭ್ಯಾಸವೇ ಹಾಗೆಂಬಂತೆ.

ಬೆಂಚಿನ ಮೇಲೆ ಚಾಚಿ ಮೀಟರು ಹಚ್ಚಿದೆ.
ಏಳು ಕಿಲೋ ಓಮ್. ಬಗ್ಗಿಸಿದೆ, ಏಳು. ತಿರುಚಿದೆ, ಏಳು.
ಮೀಟರಿನ ಮಟ್ಟಿಗೆ ಅದು ಪರಮ ಸಾಧು.
"ಒಳದಾರಿ ನೆಟ್ಟಗಿದೆ ಅಂತಷ್ಟೇ ಅದಕ್ಕೆ ಗೊತ್ತು,"
ಬೇಕಾದ್ದಕ್ಕಿಂತ ಜೋರಾಗಿ ಅಂದರು ಮೇಸ್ತ್ರಿ,
"ತೊಗಲು ಬಿರಿದದ್ದು ಅದಕ್ಕೇನು ಗೊತ್ತು?
ತಿರುಗಿ ಹಾಕು. ಹೊಗೆ ಕೊಳವೆ ಹೊರಗಿರಲಿ.
ಗೋಣಿ ಇಳಿಬಿಡು. ದೀಪ ಆರಿಸು."

ಅವರ ಹೆಂಡತಿ ಜೆರೇನಿಯಂ ಕುಂಡಕ್ಕೆ ಚಿಮುಕಿಸುವ ಬಾಟಲಿ.
ಕತ್ತಲಲ್ಲಿ ಒಂದು ಚಿಮುಕು, ಇನ್ನೊಂದು.
ನಾನು ಕಿವಿಯನ್ನೇ ನಂಬಿ ನಿಂತೆ.
ಟಿಕ್, ಎಲ್ಲೋ, ಟಿಕ್ ಟಿಕ್,
ಎಲ್ಲೆಂದು ಮಾತ್ರ ಹಿಡಿಯಲಾಗದು.

"ಅಗೋ!"

ಮೊದಲು ಕಂಡದ್ದು ಅವರಿಗೇ.
ಮೂರನೆಯ ತಂತಿ ಮೊಣಕೈ ಮಡಚುವಲ್ಲಿ
ಕೂದಲೆಳೆಯಷ್ಟು ನೀಲಿ, ಕಬ್ಬಿಣಕ್ಕೆ ಹಾರಿ,
ಇಲ್ಲವಾಗಿ, ಮತ್ತೆ ಹಾರಿ.
ಒಲೆ ಸೇರಬೇಕಾದ ಬೆಂಕಿ ದಾರಿಯಲ್ಲೇ ಸೋರಿಹೋಗುತ್ತಿತ್ತು.
ಅವರ ಮುಖ ಕಾಣಲಿಲ್ಲ.
ನಗುತ್ತಿದ್ದಾರೆಂದು ಉಸಿರಿನಿಂದ ತಿಳಿಯಿತು.

ಹೊಸ ತಂತಿಗೆ ಪೆರೂಜ್ ಅಜ್ಜಿ ಚೌಕಾಸಿ ಮಾಡಿ
ಉಳಿದದ್ದಕ್ಕೆ ಎರಡು ಲವಾಶ್ ಕೊಟ್ಟಳು, ಒಂದು ಅಂಚು ಸೀದದ್ದು.
ವ್ಯಾನು ಮಂಜಿನೊಳಗೆ ಹೊರಟಿತು.

"ಈಗ?" ಎಂದರು,
ರಸ್ತೆಯತ್ತ ನೋಡುತ್ತಾ, ನನ್ನತ್ತ ಅಲ್ಲ.

ಅವರ ಮೊಣಕೈ ಊರಿದ್ದ ಬೆಂಚಿನ ಹಲಗೆಯ ಮೇಲೆ
ಬೆರಳಿಂದ ಬಡಿದೆ:
ಒಂದು, ಎರಡು, ನಾಲ್ಕು, ಮೂರು.
ಈ ಎಂಜಿನ್ನು ಎಣಿಸುವುದೇ ಹಾಗೆ.
ಒಂದು, ಎರಡು, ನಾಲ್ಕು, ಮೂರು.

ಸ್ವಲ್ಪ ತಡೆದು ಅವರ ಬೆರಳೂ ಸೇರಿಕೊಂಡಿತು.
ವ್ಯಾನು ತಿರುವು ದಾಟಿ
ನನಗೂ ಕೇಳಿಸದಾದ ಮೇಲೂ
ನಿಲ್ಲಿಸಲಿಲ್ಲ.